ಎಣ್ಣಿ ಹಾಕಿದವರ ಹೆಸರು

ಹಡಪಸರ, ಪುಣೆ
೯ ಜನವರಿ ೨೦೨೫, ಗುರುವಾರ

ದುರ್ಗಾಳ ಅಪ್ಪನವರಿಗೆ ಸಕ್ಕುಬಾಯಿಯ ನಮಸ್ಕಾರ.

ನಿಮ್ಮ ಮೊಣಕಾಲು ಹೇಗಿದೆ, ಮೊದಲು ಅದನ್ನು ತಿಳಿಸಿ. ರಾಜಸ್ಥಾನದ ಚಳಿ ನಮ್ಮ ಯಾದಗಿರಿಯವರ ಮೈಗೆ ಹೇಳಿ ಮಾಡಿಸಿದ್ದಲ್ಲ. ಸಾಸಿವೆ ಹೊಲದ ಮಂಜು ಬೆಳಗಿನ ಹೊತ್ತು ಡೇರೆಯೊಳಗೇ ಬಂದು ಕೂರುತ್ತದಂತೆ. ನೀವು ಮಾತ್ರ ಕೌದಿಯನ್ನು ಸೊರಗಿದ ಜೇನುಪೆಟ್ಟಿಗೆಗಳ ಮೇಲೆ ಹೊದಿಸಿ, ಬರೀ ಚಾದರದಲ್ಲಿ ಮುದುಡಿಕೊಂಡು ಮಲಗುತ್ತೀರಂತೆ. ಲಾರಿ ಹೊಡೆಯುವ ಹೊಳಬಸಪ್ಪ ಬಂದ ದಿನವೇ ಇದೆಲ್ಲ ವರದಿ ಮಾಡಿದ. ಆ ಕೌದಿಗೆ ನನ್ನ ಮೂರು ಸೀರೆ ಹೋಗಿವೆ. ಹುಳಗಳಿಗೆಂದು ಹೊಲಿದದ್ದಲ್ಲ ಅದು. ಅವನ ಕೈಯಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಹಿಂಡಿ ಕಳಿಸಿದ್ದೇನೆ. ಚಟ್ನಿಗೆ ಖಾರ ಹೆಚ್ಚಾಗಿದೆ. ಕುಟ್ಟುವಾಗ ನಿಮ್ಮ ಮೇಲೆ ಸಿಟ್ಟಿತ್ತು, ಕೈ ಅಳತೆ ಮರೆಯಿತು. ಬೆಲ್ಲ ನಂಜಿಕೊಂಡು ತಿನ್ನಿ. ಇಲ್ಲಿ ನಾನೂ ದುರ್ಗಾಳೂ ಆರಾಮವಾಗಿದ್ದೇವೆ. ಅವಳ ಕಾಲೇಜಿನ ಪರೀಕ್ಷೆ ಮುಂದಿನ ತಿಂಗಳು. ಓದುತ್ತೇನೆ ಎನ್ನುತ್ತಾಳೆ, ಪುಸ್ತಕದೊಳಗೆ ಫೋನು ಇಟ್ಟುಕೊಂಡಿರುತ್ತಾಳೆ.

ಫೋನು ಇರುವಾಗ ಕಾಗದ ಯಾಕೆ ಎಂದು ನೀವು ಕೇಳುತ್ತೀರಿ. ಫೋನಿನಲ್ಲಿ ನಾನು ಎರಡು ಮಾತು ಆಡುವಷ್ಟರಲ್ಲಿ ನೀವು ‘ಇರಲಿ ಬಿಡ’ ಎನ್ನುತ್ತೀರಿ. ಮದುವೆಯಾಗಿ ಇಪ್ಪತ್ತೊಂದು ವರ್ಷವಾಯಿತು, ನನ್ನ ಮೂರನೇ ಮಾತು ಏನಿರುತ್ತದೆಂದು ನಿಮಗೆ ಇವತ್ತಿಗೂ ಗೊತ್ತಿಲ್ಲ. ಕಾಗದದ ನಡುವೆ ಬಾಯಿ ಹಾಕಲು ಬರುವುದಿಲ್ಲ. ಏಳನೇ ಇಯತ್ತೆಯವರೆಗೆ ಓದಿದ್ದು ಒಂದಾದರೂ ಕೆಲಸಕ್ಕೆ ಬರಲಿ ಎಂದು ಕೂತಿದ್ದೇನೆ. ಹೋದ ರವಿವಾರ ನೀವು ಹೇಳಿದ್ದು ನನಗೆ ಅಕ್ಷರ ಬಿಡದೆ ನೆನಪಿದೆ. ‘ಶೇಠನ ಕಾಗದದ ಮ್ಯಾಲ ಸುಮ್ಮ ಸಹಿ ಮಾಡಿ ಕೊಡು. ತಪ್ಪಾತು ಅಂತ ಒಂದು ಮಾತು ಹೇಳಿಬಿಡು. ಅಷ್ಟಕ್ಕ ಮುಗಿತದ’ ಎಂದು ಹೇಳಿ ಇಟ್ಟುಬಿಟ್ಟಿರಿ. ಪೆಟ್ಟಿಗೆಗಳೂ ನಾವಿರುವ ಖೋಲಿಯೂ ಶೇಠನವೇ ಇರಬಹುದು, ಸಹಿ ನನ್ನದು. ಇಗೋ ಉತ್ತರ. ನಾನು ಸಹಿ ಮಾಡಿಲ್ಲ. ತಪ್ಪಾಯಿತು ಎಂದೂ ಹೇಳಿಲ್ಲ. ನೀವು ಬಂದು ಎದುರಿಗೆ ನಿಂತು ಹೇಳಿದರೂ ಹೇಳುವವಳಲ್ಲ. ಯಾಕೆ ಎಂಬುದನ್ನು ಮೊದಲಿಂದ ಬರೆಯುತ್ತೇನೆ, ನಿಧಾನವಾಗಿ ಓದಿ.

ಎಳ್ಳಮಾವಾಸ್ಯೆಗೆ ನಮ್ಮದೆಂಬ ಹೊಲ ಇಲ್ಲಿ ಇಲ್ಲವಲ್ಲ, ಹಾಗಾಗಿ ನಾನು ಈ ಸಲವೂ ಪೆಟ್ಟಿಗೆಗಳ ಸಾಲಿಗೇ ಎಡೆ ಎರಚಿ ಚರಗ ಚೆಲ್ಲಿದೆ. ಸಜ್ಜೆ ಕಡುಬು, ಭಜ್ಜಿ ಪಲ್ಯ ಎಲ್ಲ ಮಾಡಿದ್ದೆ. ನಮ್ಮ ಬಾಬು ಕಾವಲು ಬಿಟ್ಟು ಬಂದು ಹೊಟ್ಟೆ ತುಂಬ ಉಂಡ. ಮರುದಿನ ಬೆಳಿಗ್ಗೆ, ನೀವು ಇಲ್ಲಿ ಬಿಟ್ಟುಹೋದ ಅರವತ್ತು ಪೆಟ್ಟಿಗೆಗಳ ಸೂರ್ಯಕಾಂತಿ ಜೇನು ತೆಗೆಯಲು ಶುರು ಮಾಡಿದೆವು. ಬಾಬು ಹೊಗೆ ಡಬ್ಬಿ ಹಿಡಿದ, ನಾನು ಮುಚ್ಚಳ ತೆಗೆದೆ. ಮೇಲಿನ ಪೆಟ್ಟಿಗೆಯ ಎರಿಗಳು ಒಂದಕ್ಕಿಂತ ಒಂದು ಚೆನ್ನಾಗಿ ತುಂಬಿದ್ದವು. ಹುಳಗಳು ಮೇಣದ ಮುಚ್ಚಳ ಹಾಕಿ ಮುಗಿಸಿದ್ದವು. ಸಂತೋಷವಾಗಿ ಆ ಪೆಟ್ಟಿಗೆ ಎತ್ತಿ ಪಕ್ಕಕ್ಕಿಟ್ಟರೆ, ಕೆಳಗೆ ರಾಣಿ ಮೊಟ್ಟೆ ಇಡುವ ಪೆಟ್ಟಿಗೆಯಲ್ಲಿ, ಎರಡು ಎರಿಗಳ ನಡುವೆ ಒಂದು ರಟ್ಟಿನ ಪಟ್ಟಿ ತೂಗುತ್ತಿತ್ತು. ಒಂದೂವರೆ ಬೆರಳಗಲ, ಗೇಣುದ್ದ, ಮೇಲ್ತುದಿಗೆ ದಾರ. ಎಣ್ಣೆ ಕುಡಿದು ಕಪ್ಪಾಗಿತ್ತು. ಹುಳಗಳು ಅದರ ಅಂಚನ್ನೆಲ್ಲ ಕಡಿದು ಹಾಕಿದ್ದವು. ಎರಡನೇ ಪೆಟ್ಟಿಗೆಯಲ್ಲೂ ಇತ್ತು, ಮೂರನೆಯದರಲ್ಲೂ ಇತ್ತು. ಹತ್ತು ಪೆಟ್ಟಿಗೆ ತೆರೆದು ನೋಡಿ ಮುಚ್ಚಿಬಿಟ್ಟೆ. ಬಾಬುವಿಗೆ ಹೊಗೆ ಆರಿಸು ಎಂದೆ.

ಇದನ್ನು ಯಾರು ಹಾಕಿದರು ಎಂದು ನಾನು ಯಾರನ್ನೂ ಕೇಳಬೇಕಾಗಿ ಬರಲಿಲ್ಲ. ನಾಲ್ಕನೇ ಪೆಟ್ಟಿಗೆಯ ಪಟ್ಟಿಯ ಮೇಲೆ ದುರ್ಗಾಳ ಅಕ್ಷರವಿತ್ತು. ಹತ್ತನೇ ಇಯತ್ತೆಯ ಭೂಗೋಳದ ನೋಟ್‌ಬುಕ್ಕಿನ ರಟ್ಟು. ಟ್ರಂಕಿನಲ್ಲಿ ಜೋಪಾನ ಮಾಡಿ ಇಟ್ಟಿದ್ದವನ್ನೆಲ್ಲ ಅವಳಿಗೂ ಹೇಳದೆ, ನನಗೂ ಹೇಳದೆ ಸುಲಿದು ಪಟ್ಟಿ ಮಾಡಿದ್ದೀರಿ. ವಾಸನೆ ನೋಡಿದ ಕೂಡಲೇ ಗುರುತು ಸಿಕ್ಕಿತು, ದನದ ಉಣ್ಣೆಗೆ ಹಚ್ಚುವ ಎಣ್ಣಿ. ನಮ್ಮೂರಲ್ಲಿ ಹತ್ತಿಯ ಕೀಡೆಗೆ ಹೊಡೆಯುವ ವಿಷವೂ ಎಣ್ಣಿಯೇ, ಎಮ್ಮೆಗೆ ಹಚ್ಚುವುದೂ ಎಣ್ಣಿಯೇ. ಆಮೇಲೆ ಇನ್ನೊಂದು ನೆನಪಾಯಿತು. ನೀವು ದೀಪಾವಳಿ ಮುಗಿಸಿ ಲಾರಿ ಹತ್ತಿದ ಮರುದಿನ ನಾನು ಪರಾತದಲ್ಲಿ ಹಿಟ್ಟು ನಾದಿ ರೊಟ್ಟಿ ಬಡಿದಾಗ ಏನೋ ಒಂದು ನಾತ ಬಂದಿತ್ತು. ಜೋಳಕ್ಕೆ ನುಸಿ ಬಿದ್ದಿದೆ ಎಂದುಕೊಂಡೆ. ದುರ್ಗಾ ಒಂದು ತುಂಡು ಮುರಿದು ಬಿಟ್ಟಳು. ನಾನು ಎರಡು ರೊಟ್ಟಿ ತಿಂದೆ. ಆವತ್ತು ಮಧ್ಯಾಹ್ನ ಬಾಯಿ ಒಣಗಿ, ಕಣ್ಣು ತೂಗಿ, ದೀಪ ಹಚ್ಚುವ ಹೊತ್ತಿನವರೆಗೆ ಸತ್ತ ಹೆಣದ ಹಾಗೆ ಮಲಗಿದ್ದೆ. ಹಗಲು ನಿದ್ದೆ ಮಾಡುವ ಹೆಂಗಸು ನಾನಲ್ಲ ಎಂದು ನಿಮಗೇ ಗೊತ್ತು. ಆ ಪಟ್ಟಿಗಳನ್ನು ನೆನೆಹಾಕಲು ನಿಮಗೆ ನನ್ನ ಹಿಟ್ಟಿನ ಪರಾತವೇ ಬೇಕಾಯಿತೇ? ತೊಳೆದು ಮಗುಚಿ ಇಟ್ಟಿದ್ದಿರಿ, ಅದಕ್ಕೆ ಗೊತ್ತಾಗಲಿಲ್ಲ. ನೀವು ಮನೆಯ ಪಾತ್ರೆ ತೊಳೆದದ್ದು ಅದೊಂದೇ ಸಲ. ಆಗಲೇ ನನಗೆ ಅನುಮಾನ ಬರಬೇಕಿತ್ತು. ಪರಾತವನ್ನು ಜಜ್ಜಿ ಗುಜರಿಗೂ ಸಿಗದ ಹಾಗೆ ಹೂತಿದ್ದೇನೆ.

ಔಷಧ ಅಂದರೆ ಕುಣಿಯುವ ಹೆಂಗಸು ಎಂದು ನೀವು ಶೇಠನ ಮುಂದೆ ನನ್ನನ್ನು ಅಂದಿದ್ದೀರಂತೆ. ನಾನು ಔಷಧದ ವೈರಿಯಲ್ಲ. ನುಸಿ ಹತ್ತಿದ ಪೆಟ್ಟಿಗೆ ಏನಾಗುತ್ತದೆಂದು ನಾನೂ ಕಣ್ಣಾರೆ ಕಂಡಿದ್ದೇನೆ. ಸಾಸಿವೆ ಕಾಳಿನಷ್ಟೂ ಇಲ್ಲದ ಆ ಕೆಂಪು ನುಸಿ ಮರಿಯ ಗೂಡಿನಲ್ಲೇ ಹೊಕ್ಕು ಕೂತರೆ, ಹುಟ್ಟುವ ಹುಳದ ರೆಕ್ಕೆ ಸುಟ್ಟ ಕಾಗದದ ಹಾಗೆ ಸುರುಟಿಕೊಂಡಿರುತ್ತದೆ. ಹಾರಲಾರದೆ ಪೆಟ್ಟಿಗೆಯ ಮುಂದೆ ಹರಿದಾಡಿ ಸಾಯುತ್ತದೆ. ಮೂರು ವರ್ಷದ ಹಿಂದೆ ನಾವು ಹಾಗೆಯೇ ಇಪ್ಪತ್ತು ಪೆಟ್ಟಿಗೆ ಕಳೆದುಕೊಂಡಾಗ ನೀವು ಗೋಡೆಗೆ ಮುಖ ಹಾಕಿ ಅತ್ತಿದ್ದಿರಿ. ಇಲ್ಲೇ ಕೊಂಢವಾ ಬಡಾವಣೆಯ ಕಟ್ಟಡದಲ್ಲಿ ಸಿಮೆಂಟು ಹೊರುತ್ತಿದ್ದಾಗ ಕೈಬೆರಳು ನಜ್ಜಿದರೂ ಅಳದ ಗಂಡಸು. ಹುಳಗಳ ಮೇಲಿನ ಪ್ರೀತಿಯಿಂದಲೇ ನೀವು ಇದನ್ನು ಮಾಡಿದ್ದೀರಿ ಎಂಬುದು ನನಗೆ ಗೊತ್ತು. ಜೇನಿಗೆಂದೇ ಮಾಡಿದ ಸರಿಯಾದ ಪಟ್ಟಿ ತರಿಸಿಕೊಡಿ ಎಂದು ನೀವು ಎರಡು ತಿಂಗಳು ಶೇಠನ ಬೆನ್ನು ಬಿದ್ದಿದ್ದೂ ಗೊತ್ತು, ಆತ ಇವತ್ತು ನಾಳೆ ಎಂದು ಆಟ ಆಡಿಸಿ, ಕೊನೆಗೆ ದನದ ಔಷಧದ ಬಾಟಲಿ ತಂದು ಕೈಗಿತ್ತಿದ್ದೂ ಗೊತ್ತು. ಬಾಬು ಎಲ್ಲ ಹೇಳಿದ. ಆದರೆ ಈ ಕೆಲಸವನ್ನು ನನಗೆ ಕಲಿಸಿದವರು ಯಾರು? ಹುಳಗಳನ್ನು ಬಾಟಲಿಗೆ ಹಾಕಿ, ಪುಡಿಸಕ್ಕರೆಯಲ್ಲಿ ಹೊರಳಿಸಿ, ಉದುರಿದ ನುಸಿ ಎಣಿಸಿ, ಹೆಚ್ಚಿದ್ದರೆ ಮಾತ್ರ ಔಷಧ ಎಂದವರು ನೀವು. ಮೇಲೆ ಜೇನಿನ ಪೆಟ್ಟಿಗೆ ಇರುವಾಗ ಪಟ್ಟಿ ಇಡಬಾರದು, ಇಟ್ಟ ತಾರೀಕು ಮುಚ್ಚಳದ ಒಳಗೆ ಬರೆಯಬೇಕು, ಹೇಳಿದಷ್ಟು ದಿನಕ್ಕೆ ತೆಗೆಯಲೇಬೇಕು, ಕೈಗವಸು ಇಲ್ಲದೆ ಮುಟ್ಟಬಾರದು ಎಂದು ಹೇಳಿ, ಮರೆತಾಗ ನನ್ನ ಕೈಮೇಲೆ ಹೊಡೆದವರೂ ನೀವೇ. ನನಗೆ ಹೇಳಿದ ಪಾಠ ನಿಮಗೆ ಇರಲಿಲ್ಲವೇ?

ಸಿಟ್ಟು ಇಷ್ಟಕ್ಕೇ ಇಳಿಯುತ್ತಿತ್ತೋ ಏನೋ. ಹೆದರಿಕೆಯಲ್ಲಿ ಮನುಷ್ಯ ತಪ್ಪು ಮಾಡುತ್ತಾನೆ, ಜೇನು ಬೇರೆ ಇಟ್ಟರಾಯಿತು ಎಂದುಕೊಂಡು ನಿಮಗೆ ಫೋನು ಮಾಡಿದೆ. ನೀವು ಅಯ್ಯೋ ಎನ್ನಲಿಲ್ಲ. ಶೇಠ ದೇವಾನಂದ ಒಂದು ಕಾಗದ ಕಳಿಸುತ್ತಾನೆ, ಜೇನು ಕೊಳ್ಳುವ ಕಂಪನಿಗೆ ಅದು ಬೇಕು, ಈಗ ಪೆಟ್ಟಿಗೆ ನೋಡಿಕೊಳ್ಳುವವಳು ನೀನಾದ್ದರಿಂದ ಸಹಿ ನಿನ್ನದೇ ಬೇಕು ಎಂದಿರಿ. ಕಾಗದ ಬಂತು, ಮರಾಠಿಯದು. ದುರ್ಗಾ ಓದಿ ಹೇಳಿದಳು: ಈ ಅರವತ್ತು ಪೆಟ್ಟಿಗೆಗಳಿಗೆ ಯಾವ ಔಷಧವನ್ನೂ ಹಾಕಿಲ್ಲ. ಹಾಕಿದ್ದಾರಲ್ಲ ಎಂದು ನಾನು ಮತ್ತೆ ಫೋನು ಮಾಡಿ ಕೇಳಿದರೆ ನೀವು ಏನೆಂದಿರಿ ನೆನಪಿದೆಯೇ? ‘ನಾ ಔಷಧ ಎಲ್ಲಿ ಹಾಕೀನಿ? ಹಾಕಿದ್ದು ಎಣ್ಣಿ. ಕಾಗದದಾಗ ಎಣ್ಣಿ ಅಂತ ಬರದಾರೇನು?’ ಎಂದು ನಕ್ಕಿರಿ. ನನಗೂ ಅರೆಗಳಿಗೆ ನಗು ಬಂತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಊರು ನೆನಪಾಯಿತು. ನಮ್ಮೂರಲ್ಲಿ ಹೊಲದವರು ಸಾಲದ ಬಾಧೆಗೋ ಮನೆಯ ಜಗಳಕ್ಕೋ ಎಣ್ಣಿ ಕುಡಿದರು ಎಂದರೆ ಎಲ್ಲರೂ ಚಪ್ಪಲಿ ಬಿಟ್ಟು ಓಡುತ್ತಾರೆ. ಅಲ್ಲಿ ಯಾರೂ ಅದು ಔಷಧವಲ್ಲ ಎಂದು ವಾದ ಮಾಡುವುದಿಲ್ಲ. ಪುಣೆಗೆ ಬಂದು ಇಷ್ಟು ವರ್ಷದಲ್ಲಿ ನೀವು ಕಲಿತ ಮರಾಠಿ ಒಂದು ಮಾತನ್ನು ಎರಡು ಮಾಡಿ ನಡುವೆ ನುಸುಳುವುದಕ್ಕೇ ಆಯಿತಲ್ಲ.

ಶುಕ್ರವಾರ ಶೇಠ ತಾನೇ ಬಂದ. ‘ಬಾಯಿ, ಸಹಿ ಕರಾ’ ಎಂದು ಪೆನ್ನು ಚಾಚಿದ. ಸಹಿ ಮಾಡಿ ಎಂಬ ಮಾತನ್ನು ಚಹಾ ಕುಡಿಯಿರಿ ಎನ್ನುವ ಹಾಗೆ ಹೇಳುತ್ತಾನೆ ಆತ. ನಾನು ಸೆರಗಿಗೆ ಕೈ ಒರೆಸಿಕೊಂಡು, ಎರಡು ಬಾಟಲಿ ಜೇನು ತಂದು ಅವನ ಮುಂದಿಟ್ಟೆ. ಪಟ್ಟಿ ಕಂಡ ಮೊದಲ ಪೆಟ್ಟಿಗೆಯಿಂದ ಇದಕ್ಕೆಂದೇ ಹಿಂಡಿಟ್ಟ ಜೇನು ಅದು. ಇದನ್ನು ಮೊದಲು ನಿಮ್ಮ ತಾಯಿಗೆ ಕೊಡಿ, ಅವರು ಒಂದು ತಿಂಗಳು ದಿನಾ ಬೆಳಿಗ್ಗೆ ಬಿಸಿನೀರಿಗೆ ಹಾಕಿಕೊಂಡು ಕುಡಿಯಲಿ, ಆಮೇಲೆ ಸಹಿ ಮಾಡುತ್ತೇನೆ ಎಂದು ನನಗೆ ಬರುವ ಮರಾಠಿಯಲ್ಲಿ ಹೇಳಿದೆ. ಅವನ ತಾಯಿ ಸಾವಿತ್ರಿಬಾಯಿ ಕೆಮ್ಮಿಗೆಂದು ನಮ್ಮ ಜೇನು ಬಿಟ್ಟರೆ ಬೇರೆ ಮುಟ್ಟುವುದಿಲ್ಲವೆಂದು ನಿಮಗೆ ಗೊತ್ತೇ ಇದೆ. ದೇವಾನಂದ ಬಾಟಲಿಯನ್ನು ನೋಡಿದ, ನನ್ನನ್ನು ನೋಡಿದ. ಬಾಟಲಿ ಮುಟ್ಟಲಿಲ್ಲ. ಗಂಡ ಇಲ್ಲದಾಗ ಬಾಯಿ ಉದ್ದವಾಗಿದೆ ಎಂದು ಗೊಣಗಿ ಹೋದ. ತನ್ನ ತಾಯಿಗೆ ಕೊಡಲಾರದ್ದನ್ನು ಊರಿಗೆಲ್ಲ ಮಾರುತ್ತಾನೆ, ಅದಕ್ಕೆ ನನ್ನ ಸಹಿ ಬೇಕಂತೆ. ಅದಾದ ಮೇಲೆಯೇ ಆತ ನಿಮಗೆ ಫೋನು ಮಾಡಿದ್ದು, ನೀವು ರವಿವಾರ ನನಗೆ ಬುದ್ಧಿ ಹೇಳಿದ್ದು.

ಸೋಮವಾರ ಕಂಪನಿಯಿಂದ ರಂಜಿನಿ ಎಂಬ ಹುಡುಗಿ ಬಂದಳು. ಮೈಸೂರು ಕಡೆಯವಳು, ಜೇನು ಪರೀಕ್ಷೆ ಮಾಡುವ ಕೆಲಸ. ಸಹಿಯಿಲ್ಲದ ಕಾಗದ ನೋಡಿ ತಾನೇ ಬಂದಿದ್ದಳು. ನನ್ನ ಮರಾಠಿ ಕೇಳಿ ಎರಡೇ ನಿಮಿಷಕ್ಕೆ ನಕ್ಕು ಕನ್ನಡಕ್ಕೆ ತಿರುಗಿದಳು. ನಾನು ಪೆಟ್ಟಿಗೆ ತೆರೆದು ತೋರಿಸಿದೆ. ಪಟ್ಟಿಗಳನ್ನು ಚಿಮಟದಲ್ಲಿ ಎತ್ತಿ ಚೀಲಕ್ಕೆ ಹಾಕಿಕೊಂಡಳು, ಜೇನನ್ನೂ ಮೇಣವನ್ನೂ ಸಣ್ಣ ಶೀಶೆಗೆ ತುಂಬಿಕೊಂಡಳು. ಅವಳು ನನ್ನನ್ನು ಹೆದರಿಸಲಿಲ್ಲ. ಒಂದು ಚಮಚ ತಿಂದ ಕೂಡಲೇ ಯಾರೂ ಸಾಯುವುದಿಲ್ಲ, ಆದರೆ ದನದ ಮೈಗೆಂದು ಮಾಡಿದ್ದನ್ನು ಎಷ್ಟು ಹಾಕಿದ್ದಾರೆಂದೇ ಗೊತ್ತಿಲ್ಲದೆ ಜೇನಿನ ಕೆಳಗೆ ತೂಗುಹಾಕಿದ್ದಾರೆ, ಅದು ಒಡೆದು ಬೇರೆ ರೂಪದಲ್ಲಿ ಉಳಿಯುತ್ತದೆ, ಪರೀಕ್ಷೆಯಾಗುವವರೆಗೆ ಇದು ಜೇನಲ್ಲ, ಬರೀ ಅನುಮಾನ ಎಂದಳು. ಪರಾತದ ವಿಷಯ ಕೇಳಿ ಮಾತ್ರ ಅವಳ ಮುಖ ಸಣ್ಣದಾಯಿತು. ‘ಆಂಟಿ, ಆವತ್ತೇ ಡಾಕ್ಟರ್ ಹತ್ರ ಹೋಗಬೇಕಿತ್ತು ನೀವು’ ಎಂದಳು. ಹೋಗಿ ಏನು ಹೇಳಬೇಕಿತ್ತು, ರೊಟ್ಟಿ ತಿಂದು ನಿದ್ದೆ ಬಂತು ಎಂದೇ?

ಅಷ್ಟರಲ್ಲಿ ಶೇಠನೂ ಬಂದ. ಪಟ್ಟಿ ಹಾಕಿದ್ದು ಯಾರು ಎಂದು ರಂಜಿನಿ ಕೇಳಿದಾಗ ಆತ ಒಂದು ಗಳಿಗೆಯೂ ಯೋಚಿಸದೆ ಬಾಬುವಿನ ಕಡೆ ಕೈ ತೋರಿಸಿದ. ಕಾವಲುಗಾರ, ಕುಡಿಯುತ್ತಾನೆ, ಯಾರನ್ನೂ ಕೇಳದೆ ಏನೋ ತಂದು ಹಾಕಿದ್ದಾನೆ, ಇವತ್ತೇ ಕೆಲಸದಿಂದ ತೆಗೆಯುತ್ತೇನೆ ಎಂದ. ಬಾಬು ಕುಡಿಯುವುದನ್ನು ಬಿಟ್ಟು ಆರು ವರ್ಷವಾಯಿತು. ಕೊಂಢವಾದಲ್ಲಿ ಮೂರನೇ ಮಾಳಿಗೆಯಿಂದ ಬಿದ್ದು ಕಾಲು ಮುರಿದ ಮೇಲೆ ಅವನಿಗೆ ಬೇರೆ ಯಾರು ಕೆಲಸ ಕೊಡುತ್ತಾರೆ? ಐವತ್ತೈದು ದಾಟಿದ ಮನುಷ್ಯ, ಹೊಗೆ ಡಬ್ಬಿಯನ್ನು ಎದೆಗೆ ಹಿಡಿದುಕೊಂಡು ನನ್ನ ಕಡೆ ನೋಡಿದ. ‘ವೈನಿ, ನಾ ಎಣ್ಣಿ ಮುಟ್ಟಿಲ್ಲರಿ’ ಎಂದ, ಅಷ್ಟೇ. ಹಾಕಿದವರು ಯಾರೆಂದು ಅವನಿಗೆ ಗೊತ್ತಿತ್ತು. ನಿಮ್ಮ ಹೆಸರನ್ನು ಅವನು ಹೇಳಲಿಲ್ಲ. ಊರವರು, ಒಂದೇ ತಟ್ಟೆಯಲ್ಲಿ ಉಂಡವರು ಎಂದು ನುಂಗಿಕೊಂಡ. ಶೇಠ ಆರಾಮವಾಗಿ ನಿಂತಿದ್ದ. ಆತನಿಗೆ ನಮ್ಮ ಕಡೆಯ ಹೆಂಗಸರು ಗೊತ್ತು. ಪಗಾರದ ಪುಸ್ತಕಕ್ಕೆ ಗಂಡನ ಹೆಸರು ಹೇಳಿ ಎಂದರೂ ನಾನು ನಾಚಿ ಮಗಳನ್ನು ಮುಂದೆ ತಳ್ಳುವವಳೆಂದು ಗೊತ್ತು.

ಹಾಕಿದ್ದು ನಮ್ಮ ಮನೆಯವರು ಎಂದೆ ನಾನು. ಶೇಠ ತಕ್ಷಣ, ಇಲ್ಲಿ ಕೆಲಸ ಮಾಡುವವರೆಲ್ಲ ಇವರ ಮನೆಯವರೇ, ಬಾಬುವಿಗೂ ಹಾಗೇ ಅನ್ನುತ್ತಾರೆ ಎಂದು ನಕ್ಕ. ದುರ್ಗಾಳ ಅಪ್ಪ ಎಂದೆ. ಆ ಹುಡುಗಿ ಪೆನ್ನು ಹಿಡಿದು ಕಾದಳು. ‘ಆಂಟಿ, ದುರ್ಗಾ ಅಪ್ಪ ಅಂತ ಬರೆದ್ರೆ ರಿಪೋರ್ಟ್ ಆಗಲ್ಲ. ಪೂರ್ತಿ ಹೆಸರು ಬೇಕು’ ಎಂದಳು. ಹೇಳು ಎಂದು ಪಕ್ಕದಲ್ಲಿ ನಿಂತಿದ್ದ ದುರ್ಗಾಳ ಕಡೆ ನೋಡಿದೆ. ಅವಳ ಕಣ್ಣು ತುಂಬಿತ್ತು, ತುಟಿ ಬಿಗಿದುಕೊಂಡಿದ್ದಳು. ಅಪ್ಪನ ಮೇಲೆ ಮಗಳ ಬಾಯಿಂದ ದೂರು ಹೇಳಿಸುವುದೇ ಎಂದು ನನಗೇ ಅಸಹ್ಯವಾಯಿತು. ನಾನೇ ಹೇಳಿದೆ. ಹಣಮಂತ್ರಾಯ. ತಂದೆಯ ಹೆಸರು, ಊರು, ಎಲ್ಲ ಹೇಳಿದೆ. ಔಷಧದ ಬಾಟಲಿ ತಂದುಕೊಟ್ಟವರು ಈ ಶೇಠ, ಹಾಕಿದವರು ಹಣಮಂತ್ರಾಯ, ಬಾಬು ಅಲ್ಲ ಎಂದು ಎರಡು ಸಲ ಹೇಳಿದೆ, ಅವಳು ಬರೆದುಕೊಳ್ಳುವವರೆಗೆ. ಕಾಲು ನಡುಗುತ್ತಿದ್ದವು. ಮಾತು ನಡುಗಲಿಲ್ಲ.

ಈಗ ನೀವು ಕೂತಲ್ಲಿಂದ ಏಳುತ್ತೀರಿ, ಗೊತ್ತು. ಕೂತುಕೊಳ್ಳಿ. ಗಂಡನ ಹೆಸರು ಹಿಡಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಿಮ್ಮ ಅವ್ವ ನನಗೆ ಬಳೆ ತೊಡಿಸುವಾಗಲೇ ಹೇಳಿದ್ದರು. ಇಪ್ಪತ್ತೊಂದು ವರ್ಷ ನಾನು ಅದನ್ನು ನಂಬಿದ್ದೆ. ಅರ್ಧ ಈಗಲೂ ನಂಬುತ್ತೇನೆ. ಮಂಗಳವಾರ ನಸುಕಿನಲ್ಲಿ ನಿಮಗೆ ಗುರುತಿಲ್ಲದ ನಂಬರಿನಿಂದ ಒಂದು ಫೋನು ಬಂದು, ನೀವು ಹಲೋ ಹಲೋ ಎಂದು ಕೆಮ್ಮಿ, ಯಾವ ಮಗನೋ ಎಂದು ಬೈದು ಇಟ್ಟಿರಲ್ಲ, ಅದು ನಾನೇ. ನಿಮ್ಮ ಬೈಗುಳ ಕೇಳಿಸಿದ ಮೇಲೆ ನನ್ನ ಜೀವ ಜಾಗಕ್ಕೆ ಬಂತು, ಹೋಗಿ ಮುಖ ತೊಳೆದೆ. ನಿಮ್ಮ ಮೇಲೆ ಪ್ರೀತಿ ಇಲ್ಲದೆ ನಿಮ್ಮ ಹೆಸರು ಹೇಳಿದೆ ಎಂದು ಯಾರಾದರೂ ಅಂದರೆ ಅವರ ಮುಖಕ್ಕೆ ಹೊಗೆ ಬಿಡಿ. ಆದರೆ ನಿಮ್ಮ ಆಯುಷ್ಯಕ್ಕೆಂದು ಬಾಬುವಿನ ಅನ್ನ ಕಿತ್ತುಕೊಳ್ಳಲು, ಗುರುತಿಲ್ಲದ ಯಾವುದೋ ಮನೆಯವರಿಗೆ ಆ ಜೇನು ತಿನ್ನಿಸಲು ನನ್ನಿಂದ ಆಗುವುದಿಲ್ಲ. ಅಂಥ ಆಯುಷ್ಯ ನಿಮಗೂ ಬೇಡ ಎಂದೇ ನಾನು ತಿಳಿದಿದ್ದೇನೆ.

ಮುಂದಿನದು ಕೇಳಿ. ಅರವತ್ತು ಪೆಟ್ಟಿಗೆಯ ಜೇನನ್ನು ಕಂಪನಿ ತಡೆಹಿಡಿದಿದೆ. ಶೇಠ ಸಂಕ್ರಾಂತಿಯೊಳಗೆ ಖೋಲಿ ಖಾಲಿ ಮಾಡಿ ಎಂದಿದ್ದಾನೆ. ಮಾರಲು ನಾನು ಒಂದು ಚಮಚವನ್ನೂ ಕಟ್ಟಿಲ್ಲ. ಉಳಿದ ಪಟ್ಟಿಗಳನ್ನೆಲ್ಲ ಕೈಗವಸು ಹಾಕಿ ತೆಗೆದೆ. ಮೇಲಿನ ಪೆಟ್ಟಿಗೆಗಳನ್ನು ಇಳಿಸಿ, ಕೆಂಪು ಬಣ್ಣದಲ್ಲಿ ಗುರುತು ಮಾಡಿ ಬೇರೆ ಇಟ್ಟಿದ್ದೇನೆ. ನಿನ್ನೆ ಪುಡಿಸಕ್ಕರೆ ಹಾಕಿ ನುಸಿ ಎಣಿಸಿದೆ. ಎಣ್ಣಿ ತೂಗುಹಾಕಿಯೂ ಹದಿನೆಂಟು ಪೆಟ್ಟಿಗೆಗಳಲ್ಲಿ ನುಸಿ ಹಾಗೇ ಇದೆ. ಜೇನೂ ಕೆಟ್ಟಿತು, ನುಸಿಯೂ ಉಳಿಯಿತು. ರಂಜಿನಿ ನುಸಿಗೆ ಹಾಕುವ ಫಾರ್ಮಿಕ್ ಆಮ್ಲದ ಬಗ್ಗೆ ಬರೆದುಕೊಟ್ಟಿದ್ದಾಳೆ. ಎಷ್ಟು, ಯಾವಾಗ, ಬಿಸಿಲು ಎಷ್ಟಿದ್ದರೆ ಹಾಕಬಾರದು, ಅದರ ಹೊಗೆ ಕಣ್ಣಿಗೆ ತಗುಲದ ಹಾಗೆ ಹೇಗೆ ನಿಲ್ಲಬೇಕು ಎಲ್ಲ ಇದೆ. ಅದನ್ನು ತರಿಸಿಕೊಡದಿದ್ದರೆ ಪೆಟ್ಟಿಗೆಗಳು ಸಾಯುತ್ತವೆ, ಆಗ ಖೋಲಿ ಖಾಲಿ ಇದ್ದರೂ ನಿಮಗೆ ಏನು ಉಪಯೋಗ ಎಂದು ಶೇಠನಿಗೆ ಹೇಳಿ ಕಳಿಸಿದ್ದೇನೆ. ಉತ್ತರ ಬಂದಿಲ್ಲ. ಬಂದು ಪಾತ್ರೆ ಹೊರಗೆ ಎಸೆದರೆ ಎಸೆಯಲಿ. ಬಾಗಿಲಲ್ಲಿ ಒಲೆ ಹೂಡಿ ರೊಟ್ಟಿ ಬಡಿಯುತ್ತೇನೆ. ಇಟ್ಟಿಗೆ ಹೊತ್ತ ತಲೆ ಇದು, ಯಾರ ಮುಂದೆ ಬಾಗಬೇಕು ಎಂಬುದು ಅದಕ್ಕೆ ಗೊತ್ತಿದೆ. ಬಾಬು ದಿನವೂ ಬಂದು ಹೊಗೆ ಹಾಕುತ್ತಾನೆ. ಪಗಾರ ಕೊಡುತ್ತಾರೋ ಇಲ್ಲವೋ ಎಂದು ನಾನೂ ಕೇಳಿಲ್ಲ, ಅವನೂ ಕೇಳಿಲ್ಲ.

ದುರ್ಗಾ ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದಳು. ನಿನ್ನೆ ಸಂಜೆ ತಾನಾಗಿ ಬಂದು ತಲೆಗೆ ಎಣ್ಣೆ ಹಚ್ಚು ಎಂದು ಕೂತಳು. ಯಾವ ಎಣ್ಣೆ ಎಂದು ಕೇಳಿದೆ. ಇಬ್ಬರೂ ನಕ್ಕೆವು, ಆಮೇಲೆ ಇಬ್ಬರೂ ಅತ್ತೆವು. ಅವಳು ನಿಮಗೆ ನಮಸ್ಕಾರ ತಿಳಿಸಿದ್ದಾಳೆ. ಭೂಗೋಳದ ನೋಟ್‌ಬುಕ್ಕಿಗೆ ರಟ್ಟು ಹಾಕಿಕೊಡಬೇಕಂತೆ. ಬಾಬುವಿನ ನಮಸ್ಕಾರವೂ ಇದೆ. ಅವನು ನಿಜವಾಗಿ ಹೇಳಿದ್ದು, ನಾನು ಸೇರಿಸಿದ್ದಲ್ಲ. ನಮ್ಮೂರ ಹಣಮಪ್ಪ ನಿಮ್ಮನ್ನು ಚಳಿಯಿಂದಲೂ ಶೇಠನ ಫೋನಿನಿಂದಲೂ ಕಾಪಾಡಲಿ. ಮೊಣಕಾಲಿಗೆ ಎಳ್ಳೆಣ್ಣೆ ಬಿಸಿ ಮಾಡಿ ಹಚ್ಚಿಕೊಳ್ಳಿ. ಕೌದಿ ಹೊದೆಯಿರಿ.

ಇಂತಿ ನಿಮ್ಮವಳೇ ಆದ,
ಸಕ್ಕುಬಾಯಿ

ಮತ್ತೊಂದು ಮಾತು: ಕಾಗದ ಮಡಚುತ್ತಿದ್ದೆ. ಹೊಳಬಸಪ್ಪ ಲಾರಿಗೆ ಖಾಲಿ ಡ್ರಮ್ಮು ಬಿಗಿಯುತ್ತ, ಊಟದ ಸುದ್ದಿ ಹೇಳಿದ ಹಾಗೆ ಹೇಳಿದ: ‘ಅಣ್ಣ ಅಲ್ಲೀನೂ ರಟ್ಟು ತೂಗ ಹಾಕ್ಯಾನ್ರಿ ವೈನಿ, ನೂರಾ ನಲವತ್ತೂ ಪೆಟಗಿಗೆ. ಜೇನು ಈ ವಾರ ತೆಗಿತಾನಂತ.’ ಹೊಳಬಸಪ್ಪನನ್ನು ಹಿಡಿದು ನಿಲ್ಲಿಸಿ ಇದನ್ನು ಬರೆಯುತ್ತಿದ್ದೇನೆ, ಅವನು ಹಾರ್ನು ಬಾರಿಸುತ್ತಿದ್ದಾನೆ. ಸಾಸಿವೆ ಜೇನು ತೆಗೆಯಬೇಡಿ. ಒಂದು ಹನಿಯೂ ಬೇಡ. ಡ್ರಮ್ಮುಗಳು ಖಾಲಿಯೇ ವಾಪಸ್ಸು ಬರಲಿ. ಕೆಳಗೆ ರಂಜಿನಿಯ ನಂಬರು ದುರ್ಗಾ ಬರೆದಿದ್ದಾಳೆ. ನೀವೇ ಫೋನು ಮಾಡಿ, ನೀವೇ ನಿಮ್ಮ ಬಾಯಿಂದ ನಿಮ್ಮ ಹೆಸರು ಹೇಳಿ, ಏನು ಹಾಕಿದ್ದೀರಿ ಎಂಬುದನ್ನು ಹೇಳಿ. ಸಂಕ್ರಾಂತಿಯವರೆಗೆ ಕಾಯುತ್ತೇನೆ. ಮರುದಿನ ಬೆಳಿಗ್ಗೆ ಅವಳಿಗೆ ನಾನೇ ಹೇಳುತ್ತೇನೆ. ಮೊದಲ ಸಲ ಹೇಳುವಾಗ ಮಾತ್ರ ಕಾಲು ನಡುಗಿದ್ದು, ಹಣಮಂತ್ರಾಯ.